ಕುಂಟಿ ಎಳೆದ ಹಗ್ಗ

ಮಾರ್ಚ್ ೩, ಮಂಗಳವಾರ

ಬೆಳಿಗ್ಗೆ ಪ್ರೊಫೆಸರು ತಮ್ಮ ಹೊಸ ಪುಸ್ತಕ ಕೊಟ್ಟರು. ಮೊದಲ ಹಾಳೆಯಲ್ಲಿ 'ಹತ್ತೊಂಬತ್ತು ವರ್ಷಗಳ ನೆನಪಿಗೆ' ಎಂದು ಬರೆದು ಸಹಿ ಹಾಕಿದ್ದರು. ಮನುಷ್ಯನಿಗೆ ವಿವೇಕ ಎಲ್ಲಿಂದ ಬಂತು, ಕೋತಿಯಿಂದ ನಮ್ಮ ತನಕ ಬರುವಷ್ಟರಲ್ಲಿ ಬುದ್ಧಿ ಏನೇನು ವೇಷ ಹಾಕಿತು ಅನ್ನುವ ಪುಸ್ತಕ. ವಿಶ್ವವಿದ್ಯಾಲಯದ ನಮ್ಮ ಕೋತಿಮನೆಯ ಪ್ರಯೋಗಗಳೇ ಅದರ ಬೆನ್ನೆಲುಬು. ಆ ಬೆನ್ನೆಲುಬಿನ ಒಂದೊಂದು ಮಣಿಯನ್ನೂ ಪಂಜರದ ಮುಂದೆ ಕೂತು ಹಾಳೆಗೆ ಇಳಿಸಿದವಳು ನಾನು. ಅದಕ್ಕೇ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಂದೆ.

ಅತ್ತೆಗೆ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಮೂಸಿ ನೋಡಿ, ಒಳ್ಳೆ ಪುಸ್ತಕ ಅಂದರು.

ನನ್ನ ಹೆಸರಿಗಾಗಿ ಹುಡುಕಿದೆ. ಎಲ್ಲೂ ಇರಲಿಲ್ಲ. ಆದರೆ ಪುಟ ನೂರ ಹನ್ನೆರಡರಲ್ಲಿ ನಾನಿದ್ದೆ.

'ನಮ್ಮ ಕೋತಿಮನೆಯ ಕೆಲಸದಾಕೆಯೊಬ್ಬಳು ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು, ದಿನವೂ ಅವನ ಏಳು ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಸತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೋತಿಗಳಲ್ಲಿ ಯಾವುದೂ ಇಷ್ಟು ವ್ಯರ್ಥ ಶ್ರಮ ಮಾಡಿದ್ದನ್ನು ನಾನು ಕಂಡಿಲ್ಲ. ವಿವೇಕದಲ್ಲಿ ನಾವು ಕೋತಿಗಿಂತ ಮುಂದಿದ್ದೇವೆ ಎನ್ನುವವರು ಒಮ್ಮೆ ಆ ಅಂಗಿಗಳನ್ನು ಎಣಿಸಲಿ.'

ಹೇಳಿದ್ದು ನಾನೇ. ಎಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಹಣ್ಣು ಹೆಚ್ಚುವ ಕೋಣೆಯಲ್ಲಿ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುವ ಹಾಗಿತ್ತು. ಈ ಪ್ರೊಫೆಸರ್ ತಲೆ ತಗ್ಗಿಸಿ ಕೇಳಿದ. ನಾನು ಅದನ್ನು ಕರುಣೆ ಅಂದುಕೊಂಡೆ. ಅವನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

ಅವನನ್ನು ಬಿಡುವುದಿಲ್ಲ.

ಮಾರ್ಚ್ ೪, ಬುಧವಾರ

ರಜೆ ಹಾಕಿದೆ. ಹೊಟ್ಟೆನೋವು ಎಂದು ಬರೆದುಕೊಟ್ಟೆ. ಸುಳ್ಳೇನಲ್ಲ, ಉರಿಯುತ್ತಿರುವುದು ಹೊಟ್ಟೆಯೊಳಗೇ.

ಮಾರ್ಚ್ ೭, ಶನಿವಾರ

ಕೋಪದಲ್ಲಿ ವಿಷಯ ಕಲಸಿಹೋಗಬಾರದು, ಆದ್ದರಿಂದ ಸಾವಕಾಶವಾಗಿ ಬರೆದಿಡುತ್ತೇನೆ.

ಪ್ರಯೋಗ ಹೀಗಿತ್ತು. ಅಕ್ಕಪಕ್ಕದಲ್ಲಿ ಎರಡು ಪಂಜರ. ಮೊದಲು ಒಂದು ಕೋತಿಗೆ ಹಣ್ಣಿನ ತಟ್ಟೆ ಇಡುವುದು, ಪಕ್ಕದ ಕಳ್ಳ ಕೋತಿ ಕಂಡಿಯಲ್ಲಿ ಕೈ ತೂರಿಸಿ ಅದನ್ನು ದೋಚಲು ಬಿಡುವುದು. ಆಮೇಲೆ ಇಬ್ಬರಿಗೂ ಹೊಸ ತಟ್ಟೆ. ಆದರೆ ಮೊದಲು ಕಳೆದುಕೊಂಡವರ ಕೈಗೆ ಒಂದು ಹಗ್ಗ. ಎಳೆದರೆ ಎರಡು ತಟ್ಟೆಯೂ ಕೆಳಗಿನ ಗುಂಡಿಗೆ ಬೀಳುತ್ತವೆ. ಕಳ್ಳನಿಗೂ ಇಲ್ಲ, ತನಗೂ ಇಲ್ಲ. ಎಳೆಯದೆ ಬಿಟ್ಟರೆ ಇಬ್ಬರೂ ತಿನ್ನಬಹುದು. ಪುಸ್ತಕದ ಪ್ರಕಾರ ಹದಿಮೂರು ಕೋತಿಗಳಲ್ಲಿ ಒಂದೂ ಸೇಡಿಗಾಗಿ ಹಗ್ಗ ಎಳೆಯಲಿಲ್ಲ. ಕೋತಿ ತನ್ನ ಹೊಟ್ಟೆಯ ಮಾತು ಕೇಳುತ್ತದೆ, ಸೇಡಿಗಾಗಿ ಉಪವಾಸ ಬೀಳುವ ಪ್ರಾಣಿ ಮನುಷ್ಯನೊಬ್ಬನೇ, ಆಮೇಲೆ ಅದಕ್ಕೆ ನೂರು ಸಬೂಬು ಕಟ್ಟುವುದಕ್ಕೇ ಅವನಿಗೆ ಬುದ್ಧಿ ಬೆಳೆದದ್ದು. ಇಡೀ ಪುಸ್ತಕದ ತಿರುಳು ಇಷ್ಟೇ.

ಕೋತಿಗಳಿದ್ದದ್ದು ಹದಿಮೂರಲ್ಲ, ಹದಿನಾಲ್ಕು.

ಹದಿನಾಲ್ಕನೆಯದು ಕುಂಟಿ. ಎಡಗಾಲು ಸೊಟ್ಟ, ವಯಸ್ಸಾದ ಹೆಣ್ಣು. ನಲವತ್ತು ಸಲದಲ್ಲಿ ಮೂವತ್ತೊಂದು ಸಲ ಹಗ್ಗ ಎಳೆದಳು. ತಟ್ಟೆ ಬಿದ್ದಾಗ ಕಳ್ಳ ಕೋತಿ ಪಂಜರ ಹಿಡಿದು ಕಿರುಚುತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು, ಹಸಿದ ಹೊಟ್ಟೆಯಲ್ಲೇ, ಅದು ಕಿರುಚುವುದನ್ನು ನೋಡುತ್ತ ಕೂರುತ್ತಿದ್ದಳು. ಆ ಕೂರುವ ಠೀವಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನಲವತ್ತೂ ಮುಗಿದ ದಿನ ಅವನು ಬಂದು, ಈ ಕೋತಿಗೆ ತಲೆ ಸರಿಯಿಲ್ಲ, ಇದನ್ನು ಸೇರಿಸುವುದು ಬೇಡ ಎಂದು ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದ. ನಾನು ಮಾತ್ರ ಬರೆಯುವಾಗ ಯಾವತ್ತೂ ಕೆಳಗೆ ಒಂದು ಕಾರ್ಬನ್ ಇಟ್ಟುಕೊಳ್ಳುತ್ತೇನೆ. ಹಳೆಯ ಅಭ್ಯಾಸ. ಅವನಿಗೆ ಗೊತ್ತಿಲ್ಲ.

ಇವತ್ತು ಟ್ರಂಕು ಬಗೆದೆ. ನಲವತ್ತು ಪ್ರತಿಗಳೂ ಇವೆ. ಕೊನೆಯ ಹಾಳೆಯ ಮೇಲಂತೂ ಅವನದೇ ಕೈಬರಹ ಮೂಡಿದೆ: 'ಲೆಕ್ಕಕ್ಕೆ ಬೇಡ', ಕೆಳಗೆ ಸಹಿ. ಪ್ಯಾಡಿನ ಮೇಲೆಯೇ ಒತ್ತಿ ಬರೆದಿದ್ದ. ಕೆಳಗಿನ ಕಾರ್ಬನ್ ಚಾಚೂ ತಪ್ಪದೆ ಹಿಡಿದುಕೊಂಡಿದೆ.

ನಾಲ್ಕು ದಿನದ ಮೇಲೆ ಇವತ್ತು ಹಸಿವಾಯಿತು.

ಮಾರ್ಚ್ ೧೧, ಬುಧವಾರ

ಇದೇ ೨೮ಕ್ಕೆ ದೊಡ್ಡ ಸಭಾಂಗಣದಲ್ಲಿ ಅವನ ಭಾಷಣ. ಗೇಟಿನ ಹತ್ತಿರ ಫಲಕ ಹಾಕಿದ್ದಾರೆ. ಹೊರಗಿನಿಂದಲೂ ಪಂಡಿತರು ಬರುತ್ತಾರಂತೆ. ಬರಲಿ. ಮದುವೆಮನೆಯಲ್ಲೇ ಮುಖಕ್ಕೆ ಮಸಿ ಬಳಿದರೆ ಚೆಂದ.

ಪುಸ್ತಕ ಹೇಗಿದೆ ಎಂದು ಕೇಳಿದ. ಅಕ್ಷರ ದೊಡ್ಡದಾಗಿದೆ ಸರ್, ಓದೋಕೆ ಸುಲಭ ಅಂದೆ. ನಕ್ಕ. ನಾನೂ ನಕ್ಕೆ. ನನ್ನ ನಗು ಇಷ್ಟು ಚೆನ್ನಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಇದು ಸೇಡಲ್ಲ. ತಲೆ ತಣ್ಣಗಿಟ್ಟುಕೊಂಡು ವಿಚಾರ ಮಾಡಿದ್ದೇನೆ. ಒಂದು, ವಿಜ್ಞಾನದಲ್ಲಿ ಸುಳ್ಳು ಇರಬಾರದು. ಎರಡು, ಅದನ್ನು ಓದಿ ಕಲಿಯುವ ವಿದ್ಯಾರ್ಥಿಗಳಿಗೆ ಮೋಸವಾಗಬಾರದು. ಮೂರು, ಪಾಪ, ಕುಂಟಿಗೆ ನ್ಯಾಯ ಸಿಗಬೇಕು. ನಾಲ್ಕು, ಇವತ್ತು ನನ್ನ ಕಥೆ ಬರೆದವನು ನಾಳೆ ಇನ್ನೊಬ್ಬಳದು ಬರೆಯುತ್ತಾನೆ.

ಮಾರ್ಚ್ ೧೩, ಶುಕ್ರವಾರ

ಕಾರಣಗಳು ಏಳಾದವು.

ಮಾರ್ಚ್ ೧೮, ಬುಧವಾರ

ಬೀಗದಣ್ಣನಿಗೆ ಹೇಳಿದೆ. ಹೇಳಬಾರದಿತ್ತು. ಕೋತಿಮನೆಯ ಬೀಗದ ಗೊಂಚಲು ಇಪ್ಪತ್ತಾರು ವರ್ಷದಿಂದ ಅವರ ಸೊಂಟದಲ್ಲಿದೆ. ನಾನು ಸೇರಿದ ಮೊದಲ ವಾರ ಒಂದು ಗಂಡು ಕೋತಿ ನನ್ನ ಜಡೆ ಹಿಡಿದು ಜಗ್ಗಿದಾಗ ಬಿಡಿಸಿದವರು ಅವರೇ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದೆ.

ಗೊಂಚಲನ್ನು ಕೈಯಲ್ಲಿ ತಿರುಗಿಸುತ್ತ ಪೂರ್ತಿ ಕೇಳಿದರು. ಕೇಳಿ, ನೀನು ಬಾಯಿ ಬಿಟ್ಟರೆ ಬೀಳುವುದು ಅವನೊಬ್ಬನೇ ಅಂದುಕೊಂಡೆಯಾ ಎಂದು ಕೇಳಿದರು. ವಿಚಾರಣೆ ಬರುತ್ತದೆ, ಕೋತಿಮನೆ ಮುಚ್ಚುತ್ತಾರೆ, ಕೋತಿಗಳನ್ನು ಎಲ್ಲೆಲ್ಲಿಗೋ ಸಾಗಿಸುತ್ತಾರೆ, ನೀನೂ ಬೀದಿಗೆ, ನಾನೂ ಬೀದಿಗೆ ಅಂದರು.

"ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿ ಆದ್ಮೇಲೆ ವಾಪಸ್ ಬರಲ್ಲಮ್ಮ."

"ಇದು ಕೋಪ ಅಲ್ಲ ಅಣ್ಣ. ನಾನು ಯೋಚನೆ ಮಾಡಿದೀನಿ."

"ಅದೇ ನಂಗೆ ಭಯ," ಅಂದರು. "ಬರೀ ಕೋಪ ಆಗಿದ್ರೆ ಇಳೀತಿತ್ತು."

ಅವರಿಗೆ ತಮ್ಮ ಚಿಂತೆ. ಅದು ಸಹಜ. ಆದರೆ ನ್ಯಾಯಕ್ಕೆ ಸ್ವಲ್ಪ ಬೆಲೆ ತೆರಲೇಬೇಕಾಗುತ್ತದೆ. ಇದನ್ನೂ ಸೇರಿಸಿದರೆ ಕಾರಣ ಹನ್ನೊಂದು.

ಮಾರ್ಚ್ ೨೨, ಭಾನುವಾರ

ಮಧ್ಯಾಹ್ನ ಅತ್ತೆ ಕಿಟಕಿಯ ಹತ್ತಿರ ಕೂತು ಕಾಳು ಆರಿಸುತ್ತಿದ್ದರು. ಯಾಕೆ ಮೂರು ವಾರದಿಂದ ಹಲ್ಲು ಕಡಿಯುತ್ತ ಓಡಾಡುತ್ತಿದ್ದೀಯ ಎಂದು ಕೇಳಿದರು. ಹಲ್ಲು ಕಡಿಯುವುದು ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಲ್ಲ ಹೇಳಿದೆ. ಹನ್ನೊಂದು ಕಾರಣಗಳನ್ನೂ ಓದಿದೆ. ಅವರು ಕಾಳಿನಿಂದ ಕಣ್ಣು ಎತ್ತಲಿಲ್ಲ.

"ಇಷ್ಟೊಂದು ಯಾಕೆ? ಒಂದಿದ್ರೆ ಸಾಲಲ್ವಾ?"

ಒಂದಕ್ಕಿಂತ ಹನ್ನೊಂದು ಗಟ್ಟಿ ಅಲ್ಲವೇ ಅಂದೆ.

"ನಿಜವಾದ ಕಾರಣಕ್ಕೆ ಅಣ್ಣ ತಮ್ಮ ಇರಲ್ಲ ಕಣೇ. ಅದು ಒಂಟಿ," ಅಂದರು. ಆಮೇಲೆ, "ಅದೇನೋ ಬರೆದಿದಾನಲ್ಲ, ಅದನ್ನ ಓದು," ಅಂದರು.

ಪುಟ ನೂರ ಹನ್ನೆರಡು ಓದಿದೆ. ಒಂದು ಪದವನ್ನೂ ಬಿಡದೆ ಜೋರಾಗಿ ಓದಿದೆ. ಅತ್ತೆ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಬಿಟ್ಟರು.

"ಏಳಲ್ಲ, ಎಂಟು," ಅಂದರು.

ನನಗೆ ಅರ್ಥವಾಗಲಿಲ್ಲ.

"ಎಂಟು ಅಂಗಿ ಇತ್ತು ನನ್ನ ಮಗನ ಹತ್ರ. ಒಂದು ನಾನು ತಗೊಂಡಿದ್ದೆ. ಒಗೀದೆ ಇದ್ದದ್ದು. ಇನ್ನೂ ನನ್ನ ಹಾಸಿಗೆ ಕೆಳಗೇ ಇದೆ."

ಗಂಡ ಹೋದ ಮೇಲೂ ಎಂಟು ವರ್ಷ ಒಂದೇ ಸೂರಿನಡಿ ಇದ್ದೇವೆ. ನನಗೆ ಇದು ಗೊತ್ತಿರಲಿಲ್ಲ.

ಅದಕ್ಕಿಂತ ದೊಡ್ಡದನ್ನು ಆಮೇಲೆ ಹೇಳಿದರು. ನಿನ್ನೆ ಇಸ್ತ್ರಿ ಹಾಕಿದ ಅಂಗಿಗೆ ಇವತ್ತು ಮತ್ತೆ ಯಾಕೆ ಇಸ್ತ್ರಿ ಬೇಕಾಗುತ್ತಿತ್ತು, ಯೋಚನೆ ಮಾಡಿದ್ದೀಯಾ ಎಂದು ಕೇಳಿದರು. ಮಾಡಿರಲಿಲ್ಲ. ಆ ನಾಲ್ಕು ತಿಂಗಳು ನಾನು ಏನನ್ನೂ ಯೋಚನೆ ಮಾಡಿರಲಿಲ್ಲ. ಬೀರು ತೆಗೆದರೆ ಅಂಗಿಗಳು ಮುದುಡಿಕೊಂಡಿರುತ್ತಿದ್ದವು, ಇಸ್ತ್ರಿ ಹಾಕುತ್ತಿದ್ದೆ, ಅಷ್ಟೇ.

"ನೀನು ಕೆಲ್ಸಕ್ಕೆ ಹೋದ್ಮೇಲೆ ನಾನೇ ಅವನ್ನ ತೆಗೆದು ಮುದ್ದೆ ಮಾಡಿ ಇಡ್ತಿದ್ದೆ. ಬೆಳಿಗ್ಗೆ ಎದ್ದರೆ ನೀನು ಅನ್ನ ಮುಟ್ತಿರ್ಲಿಲ್ಲ, ಮಾತಿಲ್ಲ, ಕತೆಯಿಲ್ಲ. ಇಸ್ತ್ರಿ ಪೆಟ್ಟಿಗೆ ಕೈಲಿ ಇದ್ದಾಗ ಮಾತ್ರ ಮನುಷ್ಯರ ಥರ ಕಾಣ್ತಿದ್ದೆ. ಮುಗಿಸಿ ಎರಡು ತುತ್ತು ತಿಂತಿದ್ದೆ. ಇಸ್ತ್ರಿಗೆ ಏನಾದ್ರೂ ಬೇಕಲ್ಲ, ಅದಕ್ಕೆ."

ಮತ್ತೆ ಕಾಳು ಆರಿಸತೊಡಗಿದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಇದನ್ನು ವ್ಯರ್ಥ ಶ್ರಮ ಅಂದನಲ್ಲ. ನನ್ನದನ್ನು ಮಾತ್ರವಲ್ಲ, ಇವರದನ್ನೂ. ಈಗ ಎರಡು ಪಟ್ಟು ತೀರಿಸುತ್ತೇನೆ.

ಮಾರ್ಚ್ ೨೫, ಬುಧವಾರ

ಭಾಷಣಕ್ಕೆ ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ, ನಿಮಗೊಂದು ಕುರ್ಚಿ ಹೇಳಿದ್ದೇನೆ ಅಂದ. ಎಲ್ಲರೆದುರು ನಿಮ್ಮ ಶ್ರಮದ ಬಗ್ಗೆ ಎರಡು ಮಾತು ಹೇಳುತ್ತೇನೆ ಅಂದ. ಪುಸ್ತಕದಲ್ಲಿ ಹಾಕುವುದಕ್ಕೆ ಮರೆತದ್ದನ್ನು ಬಾಯಲ್ಲಿ ಹೇಳಿ ಮುಗಿಸುವ ಉಪಾಯ. ಒಳ್ಳೆಯದೇ ಆಯಿತು. ಮುಂದಿನ ಸಾಲಾದರೆ ಮೈಕು ಹತ್ತಿರ.

ಮಾರ್ಚ್ ೨೮, ಶನಿವಾರ

ಆಯಿತು. ಮಾಡಿದೆ.

ಏನನ್ನೂ ಬಿಡಬಾರದು, ಎಲ್ಲ ಬರೆಯಬೇಕು. ಸಭಾಂಗಣ ಕಿಕ್ಕಿರಿದಿತ್ತು. ಅವನು ಚೆನ್ನಾಗಿ ಮಾತಾಡಿದ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಮಾತಾಡಿದ. ನಮ್ಮ ಬುದ್ಧಿ ಬೆಳೆದದ್ದು ಸತ್ಯ ಹುಡುಕುವುದಕ್ಕಲ್ಲ, ಗುಂಪಿನಲ್ಲಿ ವಾದ ಗೆಲ್ಲುವುದಕ್ಕೆ. ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ, ಬುದ್ಧಿ ಅದಕ್ಕೆ ವಕೀಲನಾಗಿ ಹಿಂದಿನಿಂದ ಓಡಿಬರುತ್ತದೆ ಅಂದ. ಜನ ತಲೆಯಾಡಿಸಿದರು. ನಾನೂ ಒಂದು ಕ್ಷಣ ತಲೆಯಾಡಿಸಿಬಿಟ್ಟೆ. ಆಮೇಲೆ ನನ್ನ ಮೇಲೇ ರೇಗಿತು.

ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಎದ್ದು ನಿಂತೆ. ಪ್ರಶ್ನೆ ಕೇಳಲಿಲ್ಲ, ಹಾಳೆ ಓದಿದೆ. ದಿನಾಂಕ, ಕೋತಿ ಕುಂಟಿ, ಹಗ್ಗ ಎಳೆದದ್ದು ಎಷ್ಟನೆಯ ನಿಮಿಷ. ಎರಡನೆಯದು. ಮೂರನೆಯದು. ಆರನೆಯದಕ್ಕೆ ಅಧ್ಯಕ್ಷರು, ಸಮಯವಿಲ್ಲ, ಪ್ರಶ್ನೆಯಿದ್ದರೆ ಚಿಕ್ಕದಾಗಿ ಕೇಳಬೇಕು ಅಂದರು.

ಅವನ ಮುಖ ಒಂದೇ ಕ್ಷಣ ಬಿಳುಪೇರಿತು. ಆಮೇಲೆ ನಗು ತಂದುಕೊಂಡ. "ಇವರ ದುಃಖ ಏನು ಅಂತ ನನಗೆ ಗೊತ್ತು," ಅಂದ. "ಪುಟ ನೂರ ಹನ್ನೆರಡು ಓದಿದವರಿಗೆ ಇವರ ಪರಿಚಯ ಆಗಲೇ ಆಗಿದೆ."

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ದೊಡ್ಡದೇನಲ್ಲ, ಕೆಮ್ಮಿನ ಹಾಗೆ. ನಾನು ಹತ್ತೊಂಬತ್ತು ವರ್ಷದಲ್ಲಿ ಅವನೆದುರು ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

"ಅಂಗಿ ಏಳಲ್ಲ ಸರ್, ಎಂಟು," ಅಂದೆ. "ಕೋತಿ ಹದಿಮೂರಲ್ಲ, ಹದಿನಾಲ್ಕು. ನಿಮಗೆ ಎರಡನ್ನೂ ಎಣಿಸೋಕೆ ಬರಲಿಲ್ಲ."

ನಗು ನಿಂತಿತು. ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಒಬ್ಬ ವಿಜ್ಞಾನಿ ಕೂತಿದ್ದರು, ಬೇರೆ ವಿಶ್ವವಿದ್ಯಾಲಯದವರು, ನನ್ನ ವಯಸ್ಸಿನ ಹೆಂಗಸು. ಹಾಳೆಗಳಿಗಾಗಿ ಕೈ ಚಾಚಿದರು. ಒಂದೊಂದಾಗಿ ತಿರುವಿ, ಕೊನೆಯದನ್ನು ಬೆಳಕಿಗೆ ಹಿಡಿದು, ಅವನ ಕಡೆ ತಿರುಗಿಸಿದರು. ಈ 'ಲೆಕ್ಕಕ್ಕೆ ಬೇಡ' ಅನ್ನುವುದು ನಿಮ್ಮ ಕೈಬರಹವೇ ಎಂದು ಕೇಳಿದರು.

ಅವನು ಇಲ್ಲ ಅನ್ನಬಹುದಿತ್ತು. ಅನ್ನುತ್ತಾನೆ ಎಂದೇ ಕಾದಿದ್ದೆ, ಅದಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವನು ಮೇಜಿನ ಅಂಚು ಹಿಡಿದುಕೊಂಡ.

"ಹೌದು, ನನ್ನದೇ," ಅಂದ.

ಅಷ್ಟೇ. ಜನ ಕುರ್ಚಿ ಸರಿಸಿ ಏಳುವ ಸದ್ದು. ಬಾಗಿಲ ಹತ್ತಿರ ಬೀಗದಣ್ಣ ನಿಂತಿದ್ದರು. ನನ್ನನ್ನು ನೋಡಿ, ಮುಖ ತಿರುಗಿಸಿಕೊಂಡು ಹೋದರು.

ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಎರಡು ಸಲ ಬಡಿಸಿಕೊಂಡೆ.

ಏಪ್ರಿಲ್ ೨, ಗುರುವಾರ

ವಿಚಾರಣಾ ಸಮಿತಿ ಕೂತಿತು. ಹಾಳೆಗಳನ್ನು ಪಡೆದುಕೊಂಡು ರಸೀತಿ ಕೊಟ್ಟರು. ಪುಸ್ತಕವನ್ನು ಅಂಗಡಿಗಳಿಂದ ವಾಪಸ್ ತರಿಸುತ್ತಿದ್ದಾರಂತೆ. ಅವನಿಗೆ ಕಡ್ಡಾಯ ರಜೆ. ಕೋಣೆಯ ಬಾಗಿಲಿನ ಹೆಸರಿನ ಹಲಗೆ ತೆಗೆದಿದ್ದಾರೆ. ನಾಲ್ಕು ಮೊಳೆಯ ತೂತು ಉಳಿದಿವೆ. ಆ ಕಡೆ ಹೋಗಬೇಕಾದ ಕೆಲಸವಿರಲಿಲ್ಲ. ಆದರೂ ಎರಡು ಸಲ ಹೋಗಿ ನೋಡಿ ಬಂದೆ. ಅಷ್ಟು ತೃಪ್ತಿ.

ಏಪ್ರಿಲ್ ೧೬, ಗುರುವಾರ

ಬೀಗದಣ್ಣ ಹೇಳಿದ ಹಾಗೇ ಆಯಿತು. ಕೋತಿಗಳು ಹೋದವು.

ಎರಡು ಗಾಡಿ ಬಂದಿದ್ದವು. ಎಲ್ಲಿಗೆ ಎಂದು ಚಾಲಕನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕುಂಟಿ ಪೆಟ್ಟಿಗೆಯೊಳಗೆ ಹೋಗಲು ಒಪ್ಪಲೇ ಇಲ್ಲ. ಕೊನೆಗೆ ನಾನೇ ಕರೆದೆ. ನನ್ನ ದನಿ ಕೇಳಿ ಒಳಗೆ ಹೋದಳು. ಅಗುಳಿ ಹಾಕಿದ್ದೂ ನಾನೇ.

ಇದು ನನ್ನಿಂದ ಆದದ್ದಲ್ಲ. ಅವನು ಹಾಳೆ ಮುಚ್ಚಿಡದೆ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಹನ್ನೆರಡನೆಯ ಕಾರಣವಾಗಿ ಇದನ್ನು ಬರೆಯೋಣವೆಂದು ಪಟ್ಟಿ ತೆಗೆದೆ. ಬರೆಯಲಿಲ್ಲ. ಪೆನ್ನು ಸರಿಯಿರಲಿಲ್ಲ.

ಏಪ್ರಿಲ್ ೨೦, ಸೋಮವಾರ

ನನ್ನ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬೀಗದಣ್ಣನನ್ನು ಗ್ರಂಥಾಲಯದ ಬಾಗಿಲಿಗೆ ಹಾಕಿದ್ದಾರೆ. ಅಲ್ಲಿ ಇರುವುದು ಒಂದೇ ಬೀಗ. ಹೋಗಿ ಮಾತಾಡಿಸಿದೆ. ಹೂಂ ಅಂದರು. ಇಪ್ಪತ್ತಮೂರು ದಿನದಲ್ಲಿ ಮೊದಲ ಹೂಂ.

ಮೇ ೪, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅವನು. ಗಡ್ಡ ಬಂದಿದೆ, ಅರ್ಧ ಬಿಳಿ. ಕೈಯಲ್ಲಿ ಒಂದು ಚೀಲ. ಬಾಗಿಲು ಹಾಕೋಣ ಅನಿಸಿತು. ಹಿಂದಿನಿಂದ ಅತ್ತೆ, ಯಾರೇ ಅದು, ಬಿಸಿಲಲ್ಲಿ ನಿಲ್ಲಿಸಿದ್ದೀಯಲ್ಲ, ಒಳಗೆ ಕರಿ ಎಂದರು. ಯಾರೆಂದು ಹೇಳಿದೆ. ಗೊತ್ತಾಯ್ತು, ಆದರೂ ಕರಿ ಅಂದರು.

ಕುರ್ಚಿಯ ತುದಿಯಲ್ಲಿ ಕೂತ. ಸಮಿತಿ ಹಾಳೆಗಳನ್ನು ನಿಮಗೇ ವಾಪಸ್ ಕೊಟ್ಟಿದೆಯಂತೆ, ಮೂಲ ಪ್ರತಿಗಳನ್ನು ನಾನು ಆಗಲೇ ಹರಿದುಹಾಕಿದ್ದೆ, ಲೋಕದಲ್ಲಿ ಇರುವುದು ನಿಮ್ಮ ಕಾರ್ಬನ್ ಮಾತ್ರ ಅಂದ. ಹದಿನಾಲ್ಕು ಕೋತಿಗಳನ್ನೂ ಸೇರಿಸಿ, ತಪ್ಪು ಎಲ್ಲಿ ಆಯಿತು, ಯಾರು ಮಾಡಿದರು ಎಂದು ಬರೆದು ಪ್ರಕಟಿಸಬೇಕು, ಅದರ ಮೇಲೆ ನಿಮ್ಮ ಹೆಸರು ಮೊದಲು ಇರುತ್ತದೆ ಅಂದ. ಹಾಳೆಗಳನ್ನು ಒಂದು ವಾರಕ್ಕೆ ಕೊಡುತ್ತೀರಾ ಎಂದು ಕೇಳಿದ.

ಹಾಳೆ ಈ ಹೊಸಿಲು ದಾಟುವುದಿಲ್ಲ ಅಂದೆ. ಬೇಕಾದರೆ ಇಲ್ಲೇ ಕೂತು, ನಾನು ಓದಿದ ಹಾಗೆ, ಕೈಯಲ್ಲಿ ಬರೆದುಕೊಳ್ಳಬೇಕು. ನಲವತ್ತನ್ನೂ. ಹತ್ತೊಂಬತ್ತು ವರ್ಷ ನಾನು ಕೂತು ಬರೆದಿದ್ದೇನೆ, ಒಂದು ವಾರ ಇವನು ಕೂತು ಬರೆಯಲಿ. ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಚೀಲದಿಂದ ನೋಟ್‌ಬುಕ್ ತೆಗೆದ.

ಬರೆಯುವ ಮೊದಲು ಏನೋ ಹೇಳಲು ಹೊರಟ. ಆ ಪುಟದ ಬಗ್ಗೆ, ಅಂದ.

"ಅದು ಆಮೇಲೆ," ಅಂದೆ. "ಮೊದಲು ದಿನಾಂಕ ಬರೀರಿ."

ಬರೆಯುತ್ತ ಹೋದರು. ನಾನು ಓದುವ ವೇಗಕ್ಕೆ ಅವರ ಕೈ ಓಡುವುದಿಲ್ಲ. ಪಂಜರದ ಮುಂದೆ ಬರೆಯುವವರಿಗೆ ಇರಬೇಕಾದ ಕೈ ಅದಲ್ಲ. ಎಂಟನೆಯ ಹಾಳೆಯ ಹೊತ್ತಿಗೆ ಪೆನ್ನು ಕೆಳಗಿಟ್ಟು ಬೆರಳು ಹಿಚುಕಿಕೊಂಡರು. ಕುಂಟಿ ತನಗೂ ಇಲ್ಲದ ಹಾಗೆ ಯಾಕೆ ಮಾಡುತ್ತಿದ್ದಳು, ನೀವು ದಿನಾ ನೋಡಿದವರು, ನಿಮಗೇನನಿಸುತ್ತದೆ ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ನನಗೇನನಿಸುತ್ತದೆ ಎಂದು ಅವರು ಕೇಳಿದ್ದು ಇದೇ ಮೊದಲು. ಗೊತ್ತಿಲ್ಲ ಅಂದೆ. ಮುಂದಿನ ಹಾಳೆ ತಿರುವುತ್ತ, ತಟ್ಟೆ ಬಿದ್ದ ಮೇಲೆ ಅವಳು ತನ್ನ ಗುಂಡಿಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ, ಅದನ್ನು ಬರೆದುಕೊಳ್ಳಿ ಅಂದೆ. ಬರೆದುಕೊಂಡರು. ಅಡಿಗೆರೆ ಎಳೆದರು.

ಅತ್ತೆ ಊಟಕ್ಕೆ ಎಬ್ಬಿಸಿದರು. ಬೇಡವೆಂದರೂ ಕೇಳಲಿಲ್ಲ. ನಾನು ಬಡಿಸಲಿಲ್ಲ. ಉಪ್ಪು ಕೇಳಿದಾಗ ಮಾತ್ರ ಕೊಟ್ಟೆ.

ಸಂಜೆಗೆ ಹನ್ನೆರಡು ಹಾಳೆ ಆಗಿತ್ತು, ಇಪ್ಪತ್ತೆಂಟು ಉಳಿದಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಎರಡನೆಯದನ್ನು ಪೂರ್ತಿ ಮತ್ತೆ ಬರೆಸಬೇಕು. ಸುಲಭಕ್ಕೆ ಬಿಡುವವಳಲ್ಲ ನಾನು. ನಾಳೆ ಒಂಬತ್ತಕ್ಕೆ ಸರಿಯಾಗಿ ಬರಬೇಕು, ತಡವಾದರೆ ಬಾಗಿಲು ತೆಗೆಯುವುದಿಲ್ಲ ಅಂದಿದ್ದೇನೆ. ಹೊರಡುವಾಗ, ಕಣ್ಣು ಮೊದಲಿನ ಹಾಗಿಲ್ಲ, ಆ ಮೂಲೆಯಲ್ಲಿ ಬೆಳಕು ಸಾಲದು ಅಂದರು. ಅದಕ್ಕೆ ನಾನೇನು ಮಾಡಲಿ ಅಂದೆ.

ಈಗ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದು ಇಟ್ಟಿದ್ದೇನೆ. ಅವರ ಅನುಕೂಲಕ್ಕೇನಲ್ಲ. ತಪ್ಪು ಬರೆದರೆ ನನಗೆ ಚೆನ್ನಾಗಿ ಕಾಣಬೇಕಲ್ಲ.